ಓಹಾಯೋ ಗೆದ್ದವರು ಸೋತ ರಾತ್ರಿ: ಒಂದು ಸುದ್ದಿಮನೆಯ ಪ್ರಕರಣ

ಅಮೆರಿಕದ ಗ್ರೇಟ್ ಲೇಕ್ಸ್ ಸುತ್ತಮುತ್ತಲ ಒಂದು ಪ್ರಾದೇಶಿಕ ಸುದ್ದಿಸಂಸ್ಥೆಯಲ್ಲಿ ನಡೆದದ್ದಿದು. ದೊಡ್ಡ ಸಂಸ್ಥೆಯೇನಲ್ಲ. 2020ರ ಅಧ್ಯಕ್ಷೀಯ ಚುನಾವಣೆಗೆ ಅವರ ಡೆಸ್ಕ್‌ನಲ್ಲಿ ಇದ್ದವರು ಒಬ್ಬ ಸಂಪಾದಕಿ, ಬೆರಳೆಣಿಕೆಯಷ್ಟು ವರದಿಗಾರರು, ಅಂಕಿಅಂಶ ನೋಡಿಕೊಳ್ಳುವ ಒಬ್ಬ ವಿಶ್ಲೇಷಕ. ವಿಶ್ಲೇಷಕರು ಕನ್ನಡದವರು. ಪ್ರಕರಣ ನನಗೆ ಗೊತ್ತಾಗಿದ್ದು ಅವರಿಂದಲೇ. ಹೆಸರು, ಊರು, ಸಂಸ್ಥೆ ಯಾವುದನ್ನೂ ಹೇಳುವುದಿಲ್ಲ. ಮತಗಳ ಲೆಕ್ಕ ಮಾತ್ರ ಎಲ್ಲರಿಗೂ ಸಿಗುವಂಥದ್ದು, ಅದನ್ನು ಇದ್ದ ಹಾಗೇ ಕೊಟ್ಟಿದ್ದೇನೆ.

ಹಿನ್ನೆಲೆ

ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವುದು ದೇಶದ ಒಟ್ಟು ಮತವಲ್ಲ, ರಾಜ್ಯಗಳ ಲೆಕ್ಕ. ಒಟ್ಟು 538 ಎಲೆಕ್ಟೋರಲ್ ಮತ, ಗೆಲ್ಲಲು 270. ಬಹುತೇಕ ರಾಜ್ಯಗಳಲ್ಲಿ ಒಂದೇ ಮತ ಜಾಸ್ತಿ ಬಂದರೂ ರಾಜ್ಯದ ಅಷ್ಟೂ ಎಲೆಕ್ಟೋರಲ್ ಮತ ಗೆದ್ದವರಿಗೆ. ಹಾಗಾಗಿ ಯಾವ ರಾಜ್ಯ ಯಾವ ಕಡೆ ವಾಲುತ್ತದೆ ಅನ್ನುವುದೇ ಎಲ್ಲರ ಕುತೂಹಲ. ಈ ಕುತೂಹಲಕ್ಕೆ ಸಿಗುವ ಸುಲಭದ ಉತ್ತರ ದಿಕ್ಸೂಚಿ ರಾಜ್ಯ. ಅಲ್ಲಿನವರು ಬೆಲ್‌ವೆದರ್ ಅನ್ನುತ್ತಾರೆ. ಅಲ್ಲಿ ಗೆದ್ದವರೇ ದೇಶ ಗೆಲ್ಲುತ್ತಾರೆ ಅನ್ನೋ ನಂಬಿಕೆ.

ನಮಗೂ ಇದು ಹೊಸದಲ್ಲ. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಗೆದ್ದ ಪಕ್ಷಕ್ಕೇ ವಿಧಾನಸೌಧ ಅಂತ ಎಷ್ಟು ವರ್ಷ ಕೇಳಿದ್ದೇವೆ, ಅಲ್ವಾ? 2023ರಲ್ಲಿ ಶಿರಹಟ್ಟಿ ಬಿಜೆಪಿಗೆ ಹೋಯಿತು, ಸರ್ಕಾರ ಕಾಂಗ್ರೆಸ್ಸಿನದಾಯಿತು.

ಅಮೆರಿಕದಲ್ಲಿ ಈ ಪಟ್ಟ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುತ್ತಲೇ ಬಂದಿದೆ. ಒಂದು ಕಾಲಕ್ಕೆ ಮೇಯ್ನ್. ಅಲ್ಲಿ ರಾಜ್ಯದ ಚುನಾವಣೆ ಸೆಪ್ಟೆಂಬರಿನಲ್ಲೇ ಮುಗಿಯುತ್ತಿತ್ತು, ಆದ್ದರಿಂದ ಅದನ್ನು ಮುನ್ಸೂಚನೆ ಅಂತ ಓದುತ್ತಿದ್ದರು. ಮೇಯ್ನ್ ಹೋದ ಕಡೆ ದೇಶ ಹೋಗುತ್ತೆ ಅನ್ನುವ ಮಾತೇ ಇತ್ತು. 1936ರಲ್ಲಿ ರೂಸ್‌ವೆಲ್ಟ್ ಎದುರು ನಿಂತ ಲ್ಯಾಂಡನ್ ಗೆದ್ದದ್ದು ಮೇಯ್ನ್ ಮತ್ತು ವರ್ಮಾಂಟ್ ಎರಡೇ. ಆ ಮಾತನ್ನೇ ತಿರುಚಿ, ಮೇಯ್ನ್ ಹೋದ ಕಡೆ ವರ್ಮಾಂಟ್ ಹೋಗುತ್ತೆ ಅಂತ ರೂಸ್‌ವೆಲ್ಟ್ ಪ್ರಚಾರದ ಮುಖ್ಯಸ್ಥ ಜೇಮ್ಸ್ ಫಾರ್ಲಿ ಗೇಲಿ ಮಾಡಿದರು. ಮಿಸೌರಿಯ ದಾಖಲೆ ಇದಕ್ಕಿಂತ ಗಟ್ಟಿ. 1904ರಿಂದ 2004ರವರೆಗೆ ಅದು ತಪ್ಪಿದ್ದು 1956ರಲ್ಲಿ ಮಾತ್ರ. ಅದೂ 2008ರಲ್ಲಿ ಮುರಿಯಿತು. ನಾಲ್ಕು ಸಾವಿರಕ್ಕೂ ಕಡಿಮೆ ಮತಗಳಿಂದ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಅಲ್ಲಿ ಗೆದ್ದರು, ಅಧ್ಯಕ್ಷರಾದದ್ದು ಒಬಾಮಾ. ಆಮೇಲೆ ಮಿಸೌರಿಯನ್ನು ದಿಕ್ಸೂಚಿ ಅಂತ ಯಾರೂ ಕರೆಯಲಿಲ್ಲ. ಇವತ್ತು ಅದು ರಿಪಬ್ಲಿಕನ್ನರ ಖಾತ್ರಿ ರಾಜ್ಯ.

2020ರ ಹೊತ್ತಿಗೆ ಉಳಿದಿದ್ದ ದೊಡ್ಡ ಹೆಸರು ಓಹಾಯೋ. 1964ರಿಂದ 2016ರವರೆಗೆ ಒಮ್ಮೆಯೂ ತಪ್ಪಿರಲಿಲ್ಲ. ಓಹಾಯೋ ಗೆಲ್ಲದೆ ಯಾವ ರಿಪಬ್ಲಿಕನ್ನರೂ ಅಧ್ಯಕ್ಷರಾದದ್ದಿಲ್ಲ. ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥ ಘಟಕಗಳ ಮಟ್ಟದಲ್ಲೂ ಇಂಥ ಹೆಸರುಗಳಿದ್ದವು. ಇಂಡಿಯಾನಾದ ವಿಗೋ ಕೌಂಟಿ 1888ರಿಂದ 2016ರವರೆಗೆ ಎರಡೇ ಸಲ ತಪ್ಪಿತ್ತು, 1908 ಮತ್ತು 1952ರಲ್ಲಿ. ಅದರ ಮುಖ್ಯ ಊರು ಟೆರೆ ಹೋಟ್, ಐದು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ ಅವರ ಊರು. ನ್ಯೂ ಮೆಕ್ಸಿಕೋದ ವಲೆನ್ಸಿಯಾ ಕೌಂಟಿ 1952ರಿಂದ ಸತತವಾಗಿ ಸರಿ. 1980ರಿಂದ 2016ರವರೆಗಿನ ಹತ್ತೂ ಚುನಾವಣೆಯಲ್ಲಿ ಗೆದ್ದವರ ಕಡೆಗೇ ಇದ್ದ ಕೌಂಟಿಗಳು ಇಡೀ ದೇಶದಲ್ಲಿ 19.

ಸಮಸ್ಯೆ

2020ರ ಬೇಸಿಗೆಯಲ್ಲಿ ಸಂಪಾದಕಿಯ ಮುಂದಿದ್ದ ಪ್ರಶ್ನೆ ತೀರಾ ಸರಳ. ಕೈಯಲ್ಲಿರುವ ದುಡ್ಡು ಕಡಿಮೆ, ಕೋವಿಡ್ ಬೇರೆ. ವರದಿಗಾರರನ್ನು ಕೆಲವೇ ಕಡೆ ಕಳಿಸಬಹುದು. ಎಲ್ಲಿಗೆ?

ಅವರ ಯೋಜನೆ ಆ 19ರ ಪಟ್ಟಿಯಿಂದಲೇ ಊರು ಆರಿಸುವುದಾಗಿತ್ತು. ಜೊತೆಗೆ ಓಹಾಯೋ. ವಾದದಲ್ಲಿ ತೂಕ ಇರಲಿಲ್ಲ ಅಂತಲ್ಲ. ಇಷ್ಟು ವರ್ಷ ದೇಶದ ಮನಸ್ಸಿನ ಜೊತೆಗೇ ನಡೆದ ಊರಿಗೆ ಹೋಗಿ ಜನರನ್ನು ಮಾತಾಡಿಸಿದರೆ ದೇಶದ ಮನಸ್ಸು ಸಿಗುತ್ತದೆ ಅನ್ನುವುದು ಅವರ ಲೆಕ್ಕ. ಓದುಗರಿಗೂ ಅರ್ಥ ಮಾಡಿಸುವುದು ಸುಲಭ. ವಿಗೋ ಕೌಂಟಿಗೆ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಪತ್ರಕರ್ತರು ಹೋಗುತ್ತಿದ್ದುದೂ ಇದೇ ಕಾರಣಕ್ಕೆ.

ವಿಶ್ಲೇಷಕರು ಬೇಡ ಅನ್ನಲಿಲ್ಲ. ಒಂದು ವಾರ ಕೊಡಿ ಅಂದರು.

ಮಾಡಿ ನೋಡಿದ್ದು

ಮೊದಲು ಅವರು ಮಾಡಿದ್ದು ನಾಣ್ಯ ಚಿಮ್ಮುವ ಲೆಕ್ಕ. ಅಮೆರಿಕದಲ್ಲಿ ಸುಮಾರು 3,100 ಕೌಂಟಿಗಳಿವೆ. ಪ್ರತಿ ಕೌಂಟಿಯೂ ಸುಮ್ನೆ ನಾಣ್ಯ ಚಿಮ್ಮಿ ಮತ ಹಾಕಿದರೆ, ಹತ್ತು ಸಲವೂ ಸರಿಯಾಗುವ ಸಾಧ್ಯತೆ 1,024ರಲ್ಲಿ ಒಂದು. ಅಂದರೆ ಬರೀ ಅದೃಷ್ಟದಿಂದಲೇ ಮೂರು ಕೌಂಟಿ ಸಿಗಬೇಕು. ಕೌಂಟಿಗಳು ನಾಣ್ಯ ಚಿಮ್ಮುವುದಿಲ್ಲ, ದೇಶದ ಗಾಳಿಯ ಜೊತೆಗೇ ತೂಗುತ್ತವೆ. 1980, 1984, 1988ರಲ್ಲಿ ರಿಪಬ್ಲಿಕನ್ನರು ಭಾರೀ ಅಂತರದಿಂದ ಗೆದ್ದಾಗ ಬಹಳಷ್ಟು ಕೌಂಟಿಗಳು ಒಟ್ಟಿಗೇ ಸರಿಯಾದವು. ಹಾಗಾಗಿ 3ರ ಜಾಗದಲ್ಲಿ 19 ಸಿಕ್ಕಿದ್ದರಲ್ಲಿ ಪವಾಡವೇನೂ ಇಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದ ಊರುಗಳೂ ಆ ಪಟ್ಟಿಯಲ್ಲಿ ಇರಲೇಬೇಕು. ಯಾವುವು ಅಂತ ಬೇರ್ಪಡಿಸಲು ದಾರಿಯಿಲ್ಲ.

ಈ ಮಾತಿಗೆ ಸಂಪಾದಕಿ ಅಷ್ಟಾಗಿ ಬಗ್ಗಲಿಲ್ಲ. ಅದೃಷ್ಟವೋ ಏನೋ, ಸರಿ ಬಂದಿದೆಯಲ್ಲ ಅಂದರು. ನನಗನ್ನಿಸುವುದು, ಯಾರೇ ಆಗಲಿ ಹಾಗೇ ಅನ್ನುತ್ತಿದ್ದರು. ಸಂಭವನೀಯತೆಯ ಪಾಠದಿಂದ ಸುದ್ದಿಮನೆಯಲ್ಲಿ ಯಾರ ಮನಸ್ಸೂ ಬದಲಾಗುವುದಿಲ್ಲ.

ಬದಲಾಯಿಸಿದ್ದು ಎರಡನೇ ಅಂಶ. ಇಡೀ ಪ್ರಕರಣದ ತಿರುಳು ಇದೇ ಅನ್ನಬಹುದು. ಹತ್ತೂ ಸಲ ಗೆದ್ದವರ ಕಡೆ ಇದ್ದ ಕೌಂಟಿ ಅಂದರೆ ಏನು? ಅದು 2008 ಮತ್ತು 2012ರಲ್ಲಿ ಒಬಾಮಾಗೆ ಮತ ಹಾಕಿರಬೇಕು, 2016ರಲ್ಲಿ ಟ್ರಂಪ್‌ಗೆ. ಬೇರೆ ದಾರಿಯೇ ಇಲ್ಲ, ಪಟ್ಟಿ ಸೇರುವ ಷರತ್ತೇ ಅದು. ಎರಡು ಸಲ ಒಬಾಮಾ, ಆಮೇಲೆ ಟ್ರಂಪ್ ಅಂತ ಹೊರಳಿದ ಕೌಂಟಿಗಳು ದೇಶದಲ್ಲಿ ಇನ್ನೂರು ಚಿಲ್ಲರೆ. ಅವು ಯಾವ ಬಗೆಯ ಊರುಗಳು ಅನ್ನುವುದು ಆಗಲೇ ಗೊತ್ತಿತ್ತು. ಹೆಚ್ಚಿನವು ಮಿಡ್‌ವೆಸ್ಟ್ ಮತ್ತು ಈಶಾನ್ಯದ ಸಣ್ಣ ಊರು, ಕಾರ್ಖಾನೆ ಊರುಗಳು. ಬಿಳಿಯರೇ ಜಾಸ್ತಿ, ಕಾಲೇಜು ಪದವಿ ಇದ್ದವರು ಕಡಿಮೆ. ದೇಶದ ಮನಸ್ಸು ತಿಳಿಯಲು ಅಂತ ಮಾಡಿದ ಪಟ್ಟಿ, ತಾನಾಗಿಯೇ ಒಂದೇ ಬಗೆಯ ಊರುಗಳ ಪಟ್ಟಿಯಾಗಿಬಿಟ್ಟಿತ್ತು. ಅಟ್ಲಾಂಟಾ ಸುತ್ತಲ ಉಪನಗರಗಳು ಅದರೊಳಗೆ ಬರುವ ಹಾಗೇ ಇಲ್ಲ. ಮಿಲ್ವಾಕಿಯಂಥ ನಗರವೂ ಬರುವುದಿಲ್ಲ. ಟೆಕ್ಸಾಸ್ ಗಡಿಯ ಲ್ಯಾಟಿನೋ ಊರುಗಳು ಮೊದಲೇ ಇಲ್ಲ.

ಮೂರನೆಯದು ಅಂತರದ ಕೋಷ್ಟಕ. ಗೆಲುವು ಸೋಲಿನ ಜಾಗದಲ್ಲಿ ಅವರು ಅಂತರ ಬರೆದರು, ಅದರ ಪಕ್ಕದಲ್ಲಿ ದೇಶದ ಅಂತರ. 2004ರಲ್ಲಿ ಬುಷ್ ಓಹಾಯೋವನ್ನು ಸುಮಾರು ಶೇ. 2ರ ಅಂತರದಿಂದ ಗೆದ್ದರು, ದೇಶವನ್ನು ಶೇ. 2.5ರಷ್ಟು ಅಂತರದಿಂದ. 2012ರಲ್ಲಿ ಒಬಾಮಾ ಓಹಾಯೋದಲ್ಲಿ ಶೇ. 3, ದೇಶದಲ್ಲಿ ಶೇ. 3.9. ಇದು ನಿಜವಾದ ದಿಕ್ಸೂಚಿಯ ಲಕ್ಷಣ, ರಾಜ್ಯವೂ ದೇಶವೂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿವೆ. 2016ಕ್ಕೆ ಬಂದರೆ ಟ್ರಂಪ್ ಓಹಾಯೋವನ್ನು ಶೇ. 8ರ ಅಂತರದಿಂದ ಗೆದ್ದಿದ್ದಾರೆ. ದೇಶದ ಒಟ್ಟು ಮತದಲ್ಲಿ ಮಾತ್ರ ಡೆಮಾಕ್ರಟ್ ಅಭ್ಯರ್ಥಿ ಹಿಲರಿ ಕ್ಲಿಂಟನ್ ಶೇ. 2.1ರಷ್ಟು ಮುಂದೆ. ಮಧ್ಯೆ ಹತ್ತರ ಕಂದಕ. ಓಹಾಯೋ ಆಗಲೇ ದೇಶವನ್ನು ಬಿಟ್ಟು ಹೋಗಿತ್ತು. ಎಲೆಕ್ಟೋರಲ್ ಲೆಕ್ಕದಲ್ಲಿ ಟ್ರಂಪ್ ಗೆದ್ದ ಕಾರಣ "ಸರಿ" ಅಂತ ದಾಖಲೆಗೆ ಬಿತ್ತು, ಅಷ್ಟೇ. ವಿಗೋ ಕೌಂಟಿಯದು ಇನ್ನೂ ಜೋರು. 2012ರಲ್ಲಿ ಒಬಾಮಾ ಅಲ್ಲಿ ಕೂದಲೆಳೆಯಲ್ಲಿ ಗೆದ್ದಿದ್ದರು, 2016ರಲ್ಲಿ ಟ್ರಂಪ್ ಸುಮಾರು ಶೇ. 15ರ ಅಂತರದಿಂದ ಗೆದ್ದರು. ಅಷ್ಟು ದೂರ ಸರಿದ ಊರು ನಾಲ್ಕು ವರ್ಷದಲ್ಲಿ ವಾಪಸ್ ಬರುತ್ತದೆ ಅಂತ ಎಣಿಸುವುದು ಹೇಗೆ?

ಓಹಾಯೋ ಯಾಕೆ ಸರಿಯಿತು ಅನ್ನುವುದಕ್ಕೆ ದೊಡ್ಡ ರಹಸ್ಯ ಏನಿಲ್ಲ. ದೇಶದ ಜನಸಂಖ್ಯೆ ಬದಲಾದಷ್ಟು ಓಹಾಯೋ ಬದಲಾಗಲಿಲ್ಲ. 2020ರ ಜನಗಣತಿಯ ಪ್ರಕಾರ ದೇಶದಲ್ಲಿ ಲ್ಯಾಟಿನೋಗಳು ಸುಮಾರು ಶೇ. 19, ಓಹಾಯೋದಲ್ಲಿ ಶೇ. 4ರ ಆಸುಪಾಸು. ಪದವಿ ಇದ್ದವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ ಅಂತ ಅಮೆರಿಕದ ರಾಜಕೀಯ ಒಡೆಯುತ್ತಾ ಹೋದ ಹಾಗೆ, ಪದವೀಧರರು ಕಡಿಮೆ ಇರುವ ರಾಜ್ಯ ಒಂದು ಪಕ್ಷದ ಕಡೆ ಜಾರುವುದು ಸಹಜ. ಅಯೋವಾ ಕೂಡ ಹಾಗೇ ಜಾರಿತು. ಯಂಗ್ಸ್‌ಟೌನ್ ಇರುವ ಮಹೋನಿಂಗ್ ಕೌಂಟಿಯಂಥ ಉಕ್ಕಿನ ಊರುಗಳು, ಯೂನಿಯನ್ ಗಟ್ಟಿಯಾಗಿದ್ದ ಕಾಲದಲ್ಲಿ ಕಣ್ಣುಮುಚ್ಚಿ ಡೆಮಾಕ್ರಟ್ ಅಂದವು, ನಿಧಾನಕ್ಕೆ ಕೈಬಿಟ್ಟವು.

ಕೋಷ್ಟಕ ನೋಡಿದ ಮೇಲೆ ಸಂಪಾದಕಿ ಒಂದು ನಿರ್ಧಾರಕ್ಕೆ ಬಂದರು. ಪೂರ್ತಿ ಒಪ್ಪಿದರು ಅಂತ ಹೇಳುವ ಹಾಗಿಲ್ಲ. ದಿಕ್ಸೂಚಿ ಪಟ್ಟಿಯ ಒಂದು ಕೌಂಟಿ ಉಳಿಸಿಕೊಂಡರು. ಉಳಿದ ಜಾಗಗಳಿಗೆ ಬೇರೆ ಬೇರೆ ಬಗೆಯ ಊರು ಬಂದವು: ಪದವೀಧರರು ತುಂಬಿದ ಒಂದು ಉಪನಗರ, ಕರಿಯ ಮತದಾರರು ಹೆಚ್ಚಿರುವ ಒಂದು ನಗರದ ಭಾಗ. ಸರಣಿಯ ತಲೆಬರಹದಲ್ಲಿ ದಿಕ್ಸೂಚಿ ಅನ್ನುವ ಮಾತು ಬೇಡ ಅಂತಲೂ ತೀರ್ಮಾನವಾಯಿತು. ಒಬ್ಬ ಹಿರಿಯ ವರದಿಗಾರರಿಗೆ ಇದು ಸೇರಲಿಲ್ಲ. ಬೇರೆ ಬೇರೆ ಬಗೆಯ ಊರು ತೋರಿಸಿದರೆ ಓದುಗರಿಗೆ ಕತೆ ಎಲ್ಲಿ ಅಂತ ಅವರ ಆಕ್ಷೇಪ. ಆ ಆಕ್ಷೇಪ ಕೊನೆವರೆಗೂ ಉಳಿಯಿತು.

ಎಣಿಕೆಯ ರಾತ್ರಿ

2020ರ ನವೆಂಬರ್ 3. ಓಹಾಯೋದಲ್ಲಿ ಮತಗಟ್ಟೆಗಳು ಮುಚ್ಚಿದ್ದು ಸಂಜೆ 7:30ಕ್ಕೆ. ಮೊದಲು ಬಂದ ಅಂಕಿಗಳಲ್ಲಿ ಬೈಡನ್ ಮುಂದಿದ್ದರು. ಡೆಸ್ಕ್‌ನಲ್ಲಿ ಒಂದಿಬ್ಬರು ಆಗಲೇ ತಲೆಬರಹ ಬರೆಯಲು ಕೂತಿದ್ದರಂತೆ. ವಿಶ್ಲೇಷಕರು ತಡೆದರು. ಓಹಾಯೋದಲ್ಲಿ ಅಂಚೆ ಮತಗಳನ್ನು ಮೊದಲೇ ತೆರೆದು ಸಿದ್ಧ ಮಾಡಿಟ್ಟಿರುತ್ತಾರೆ, ಅವೇ ಮೊದಲು ಹೊರಬರುತ್ತವೆ. ಕೋವಿಡ್ ಕಾಲದಲ್ಲಿ ಅಂಚೆಯಲ್ಲಿ ಮತ ಹಾಕಿದವರಲ್ಲಿ ಡೆಮಾಕ್ರಟ್‌ಗಳು ಜಾಸ್ತಿ. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ಗಳಲ್ಲಿ ಇದು ತಿರುವುಮುರುವು. ಮತದಾನದ ದಿನದವರೆಗೂ ಅಂಚೆ ಮತಗಳನ್ನು ಮುಟ್ಟುವಂತಿಲ್ಲ, ಹಾಗಾಗಿ ಅಲ್ಲಿ ಮೊದಲು ಟ್ರಂಪ್ ಮುಂದೆ ಕಾಣುತ್ತಾರೆ. ಎರಡೂ ಕಡೆ ಮೊದಲ ಗಂಟೆಯ ಅಂಕಿ ನಂಬುವಂಥದ್ದಲ್ಲ.

ಮಧ್ಯರಾತ್ರಿಯ ಆಸುಪಾಸಿಗೆ ಓಹಾಯೋ ಟ್ರಂಪ್ ಪಾಲಾಯಿತು. ಅಂತರ ಮತ್ತೆ ಸುಮಾರು ಶೇ. 8. ಫ್ಲಾರಿಡಾ ಕೂಡ ಹೋಯಿತು. ಮಯಾಮಿ-ಡೇಡ್ ಕೌಂಟಿಯಲ್ಲಿ 2016ರಲ್ಲಿ ಕ್ಲಿಂಟನ್‌ಗೆ ಸಿಕ್ಕಿದ್ದ ಸುಮಾರು ಶೇ. 29ರ ಮುನ್ನಡೆ ಬೈಡನ್‌ಗೆ ಏಳಕ್ಕೆ ಇಳಿದಿತ್ತು. ಹಳೇ ನಿಯಮದ ಪ್ರಕಾರ ಕತೆ ಮುಗಿದಂತೆ. ಓಹಾಯೋ ತಪ್ಪಿ 60 ವರ್ಷವಾಗಿತ್ತು, ಕೊನೇ ಸಲ ತಪ್ಪಿದ್ದು 1960ರಲ್ಲಿ, ನಿಕ್ಸನ್ ಅಲ್ಲಿ ಗೆದ್ದು ಕೆನಡಿಗೆ ದೇಶ ಸೋತಾಗ. ಟ್ರಂಪ್ ಗೆಲುವಿನತ್ತ ಅನ್ನುವ ಅರ್ಥದ ತಲೆಬರಹವೊಂದು ತಯಾರಾಯಿತು.

ಸಂಪಾದಕಿ ಅದನ್ನು ತಡೆಹಿಡಿದರು. ಪ್ರಕರಣದ ತಿರುವು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡಬೇಕು.

ವಿಶ್ಲೇಷಕರು ಅವರ ಮುಂದಿಟ್ಟದ್ದು "ಓಹಾಯೋ ನಂಬಬೇಡಿ" ಅನ್ನುವ ವಾದವಲ್ಲ. ನಂಬಿ, ಆದರೆ ಗೆದ್ದವರ ಹೆಸರನ್ನಲ್ಲ, ಅಂತರವನ್ನು ಓದಿ ಅನ್ನುವುದು. 2016ರಲ್ಲಿ ಓಹಾಯೋ ಟ್ರಂಪ್ ಕಡೆ ಶೇ. 8 ವಾಲಿದಾಗ ಮಿಷಿಗನ್, ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್ ಮೂರೂ ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ ಅವರ ಪಾಲಾಗಿದ್ದವು. ಮಿಷಿಗನ್ನಿನಲ್ಲಿ ಕೇವಲ 10,704 ಮತ. ಈಗಲೂ ಓಹಾಯೋ ಅದೇ ಎಂಟರಲ್ಲಿ ನಿಂತಿದ್ದರೆ, ಆ ಮೂರು ರಾಜ್ಯ ಈಗಲೂ ತಕ್ಕಡಿಯ ಮೇಲೇ ಇವೆ ಅಂತ ಅರ್ಥ. ಅವುಗಳನ್ನು ಒಂದು ಪಾಯಿಂಟ್ ಆಚೀಚೆ ತಳ್ಳುವಂಥದ್ದು ಬೇರೇನಾದರೂ ಇದೆಯಾ ಅನ್ನುವುದೇ ಪ್ರಶ್ನೆ.

ಇತ್ತು. ಇಂಡಿಯಾನಾದ ಹ್ಯಾಮಿಲ್ಟನ್ ಕೌಂಟಿ, ಇಂಡಿಯಾನಾಪೊಲಿಸ್ ಪಕ್ಕದ ಅನುಕೂಲಸ್ಥರ ಉಪನಗರ. ಮತಗಟ್ಟೆ ಬೇಗ ಮುಚ್ಚುವ ಕಾರಣ ಅಂಕಿ ಬೇಗ ಬರುತ್ತದೆ. ಅಲ್ಲಿ ಟ್ರಂಪ್ ಗೆದ್ದರು, ಆದರೆ 2016ರ ಸುಮಾರು ಶೇ. 19ರ ಅಂತರ ಏಳರ ಹತ್ತಿರಕ್ಕೆ ಇಳಿದಿತ್ತು. ಓಹಾಯೋದ ಒಳಗೇ ಇದೇ ಗುರುತು. ಕೊಲಂಬಸ್ ಪಕ್ಕದ ಡೆಲವೇರ್ ಕೌಂಟಿಯಲ್ಲಿ ಹದಿನಾರರ ಅಂತರ ಏಳಕ್ಕೆ ಬಂದಿತ್ತು. ಅದೇ ಹೊತ್ತಿಗೆ ಮಹೋನಿಂಗ್ ಕೌಂಟಿ 1972ರ ನಂತರ ಮೊದಲ ಸಲ ರಿಪಬ್ಲಿಕನ್ ಆಯಿತು. ಒಂದೇ ರಾಜ್ಯದಲ್ಲಿ ಉಪನಗರ ಒಂದು ಕಡೆ, ಉಕ್ಕಿನ ಊರು ಇನ್ನೊಂದು ಕಡೆ ಓಡುತ್ತಿದ್ದವು. ಎರಡೂ ಒಂದನ್ನೊಂದು ಹೊಡೆದುಹಾಕಿ ಓಹಾಯೋದ ಎಂಟು ಹಾಗೇ ನಿಂತಿತು. ಉಪನಗರ ಸ್ವಲ್ಪ ಜಾಸ್ತಿ ಇರುವ ರಾಜ್ಯದಲ್ಲಿ ಈ ಲೆಕ್ಕ ಸಮ ಆಗಬೇಕಾಗಿಲ್ಲ.

ತಲೆಬರಹ ಬದಲಾಯಿತು. ಓಹಾಯೋ ಟ್ರಂಪ್‌ಗೆ, ತೀರ್ಮಾನ ಮೂರು ರಾಜ್ಯಗಳ ಅಂಚೆ ಮತಗಳಲ್ಲಿ ಅನ್ನುವ ಅರ್ಥ ಬರುವ ಸಪ್ಪೆ ಸಾಲು. ಸಪ್ಪೆ ಅಂತ ಅಂದದ್ದು ಸಂಪಾದಕಿಯೇ. ಆ ರಾತ್ರಿ ಓದುಗರು ಹೆಚ್ಚು ಹಂಚಿಕೊಂಡದ್ದು ಬೇರೆಯವರ ಖಾರದ ತಲೆಬರಹಗಳನ್ನು.

ಆದದ್ದು

ಬುಧವಾರ ಬೆಳಗಿನ ಜಾವ ಮಿಲ್ವಾಕಿಯ ಅಂಚೆ ಮತಗಳು ಸೇರಿದ ಮೇಲೆ ವಿಸ್ಕಾನ್ಸಿನ್ ಹೊರಳಿತು. ಮಿಷಿಗನ್ ಹಿಂಬಾಲಿಸಿತು. ಪೆನ್ಸಿಲ್ವೇನಿಯಾದಲ್ಲಿ ಟ್ರಂಪ್ ಅವರ ಲಕ್ಷಗಟ್ಟಲೆ ಮತಗಳ ಮುನ್ನಡೆ ದಿನದಿಂದ ದಿನಕ್ಕೆ ಕರಗಿ, ಶನಿವಾರ ನವೆಂಬರ್ 7ಕ್ಕೆ ಬೈಡನ್ ಗೆದ್ದರು ಅಂತ ಘೋಷಣೆಯಾಯಿತು. ಕೊನೆಯ ಲೆಕ್ಕ 306-232. ಓಹಾಯೋ ತಪ್ಪಿತು. ವಿಗೋ ತಪ್ಪಿತು. ವಲೆನ್ಸಿಯಾ ತಪ್ಪಿತು. 19ರಲ್ಲಿ 18 ಕೌಂಟಿ ತಪ್ಪಿ, ಉಳಿದದ್ದು ಒಂದೇ: ವಾಷಿಂಗ್ಟನ್ ರಾಜ್ಯದ ವಾಯವ್ಯ ಮೂಲೆಯ ಕ್ಲಾಲಮ್ ಕೌಂಟಿ.

ಬಿಡಿಬಿಡಿಯಾಗಿ ನೋಡಿದರೆ 18 ಅಪಘಾತ. ಒಟ್ಟಿಗೆ ನೋಡಿದರೆ ಒಂದೇ. ಅವೆಲ್ಲ ಒಂದೇ ಬಗೆಯ ಊರುಗಳಾಗಿದ್ದವು, 2016ರಲ್ಲಿ ಹೋದ ಕಡೆಯೇ ಉಳಿದವು. ಒಬಾಮಾರಿಂದ ಟ್ರಂಪ್‌ಗೆ ಹೊರಳಿದ್ದ ಇನ್ನೂರು ಚಿಲ್ಲರೆ ಕೌಂಟಿಗಳಲ್ಲಿ ಬೈಡನ್ ವಾಪಸ್ ಪಡೆದದ್ದು ಇಪ್ಪತ್ತೈದರಷ್ಟು ಮಾತ್ರ. ಅವರನ್ನು ಗೆಲ್ಲಿಸಿದ್ದು ಬಹುಪಾಲು ಪಟ್ಟಿಯಲ್ಲಿ ಇಲ್ಲದ ಜಾಗಗಳು: ಅಟ್ಲಾಂಟಾ, ಫೀನಿಕ್ಸ್, ಫಿಲಡೆಲ್ಫಿಯಾ ಸುತ್ತಲ ಉಪನಗರಗಳು, ಗ್ರ್ಯಾಂಡ್ ರ್‍ಯಾಪಿಡ್ಸ್ ಇರುವ ಕೆಂಟ್ ಕೌಂಟಿಯಂಥವು. ಜಾರ್ಜಿಯಾದಲ್ಲಿ 11,779, ಅರಿಜೋನಾದಲ್ಲಿ 10,457 ಮತಗಳ ಅಂತರ.

ಡೆಸ್ಕ್‌ನವರು ಈ ಸಾಧನೆಯನ್ನು ಜಾಸ್ತಿ ಹಿಗ್ಗಿಸಿಕೊಳ್ಳಲಿಲ್ಲ, ಅದು ಸರಿಯೇ. ವಿಸ್ಕಾನ್ಸಿನ್ ಬೈಡನ್‌ಗೆ ಹೋದದ್ದು 20,682 ಮತಗಳಿಂದ. ಅಷ್ಟು ಮತ ಆಚೆ ಹೋಗಿದ್ದರೂ ಅವರ ಓದು ತಪ್ಪಾಗುತ್ತಿರಲಿಲ್ಲ, ಯಾಕಂದರೆ ಅವರು ಗೆಲ್ಲುವವರ ಹೆಸರು ಹೇಳಿರಲಿಲ್ಲ. ತಕ್ಕಡಿ ಎಲ್ಲಿದೆ ಅಂತ ಮಾತ್ರ ಹೇಳಿದ್ದರು. ಒಳ್ಳೆಯ ನಿರ್ಧಾರವನ್ನು ಫಲಿತಾಂಶದಿಂದ ಅಳೆಯಬಾರದು ಅನ್ನುವುದಕ್ಕೆ ನಾನು ಈ ಪ್ರಕರಣವನ್ನೇ ಉದಾಹರಣೆ ಕೊಡುತ್ತೇನೆ.

ಕಲಿಯುವುದೇನು

ಮೊದಲನೆಯದು ಅಂತರದ ವಿಷಯ, ಅದನ್ನು ಆಗಲೇ ಹೇಳಿದೆ. ಆ ಪಾಠ ಗೆಲ್ಲುವ ಕಡೆಯ ರಾಜ್ಯಗಳಿಗೂ ಅನ್ವಯಿಸುತ್ತದೆ. 2020ರಲ್ಲಿ ವಿಸ್ಕಾನ್ಸಿನ್ "ಸರಿ" ಇತ್ತು. ಆದರೆ ದೇಶದಲ್ಲಿ ಬೈಡನ್ ಶೇ. 4.5 ಮುಂದಿದ್ದಾಗ ಅಲ್ಲಿ ಶೇ. 0.6 ಮಾತ್ರ. ಸರಿ ಇದ್ದ ಮಾತ್ರಕ್ಕೆ ದೇಶದ ಪ್ರತಿಬಿಂಬ ಅಲ್ಲ. 2024ರಲ್ಲಿ ಟ್ರಂಪ್ ದೇಶವನ್ನು ಶೇ. 1.5ರಿಂದ ಗೆದ್ದಾಗ ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾ ಮೂರೂ ಅದರ ಆಸುಪಾಸಿನಲ್ಲೇ ಇದ್ದವು. ಮೂರೂ 2008ರಿಂದ ಒಮ್ಮೆಯೂ ತಪ್ಪಿಲ್ಲ. ಹೊಸ ಪಟ್ಟ ಅವಕ್ಕೇ ಕಟ್ಟಲು ಆಗಲೇ ಜನ ಸಿದ್ಧರಾಗಿದ್ದಾರೆ.

ಎರಡನೆಯದು, ಒಂದೇ ಊರಿನಿಂದ ದೇಶ ತಿಳಿಯುವ ಆಸೆ ಬಿಟ್ಟು, ಬಗೆಬಗೆಯ ಊರುಗಳ ಚಲನೆ ನೋಡುವುದು. 2024ರಲ್ಲಿ ಡೆಸ್ಕ್‌ಗೆ ಇದರಿಂದ ಉಪಯೋಗವಾಯಿತು. ಟೆಕ್ಸಾಸ್ ಗಡಿಯ ಸ್ಟಾರ್ ಕೌಂಟಿಯನ್ನು ಕೋಷ್ಟಕಕ್ಕೆ ಸೇರಿಸಿದ್ದರು. ಬಹುತೇಕ ಪೂರ್ತಿ ಲ್ಯಾಟಿನೋ ಕೌಂಟಿ. 2016ರಲ್ಲಿ ಕ್ಲಿಂಟನ್‌ಗೆ ಸುಮಾರು ಶೇ. 60ರ ಅಂತರ, 2020ರಲ್ಲಿ ಬೈಡನ್‌ಗೆ ಬರೀ ಐದು. ದಿಕ್ಸೂಚಿ ಅಂತ ಅದನ್ನು ಯಾರೂ ಕರೆದಿರಲಿಲ್ಲ, ಕರೆಯುವ ಹಾಗೂ ಇರಲಿಲ್ಲ. 2024ರಲ್ಲಿ ಟ್ರಂಪ್ ಅಲ್ಲಿ ಗೆದ್ದರು, 1892ರ ನಂತರ ಮೊದಲ ಸಲ ಒಬ್ಬ ರಿಪಬ್ಲಿಕನ್. ಆ ವರ್ಷ ದೇಶದಲ್ಲಿ ಏನಾಗುತ್ತಿದೆ ಅಂತ ಹೇಳಲು ವಿಗೋಗಿಂತ ಸ್ಟಾರ್ ಎಷ್ಟೋ ವಾಸಿಯಾಗಿತ್ತು.

ಹಿರಿಯ ವರದಿಗಾರರ ಆಕ್ಷೇಪಕ್ಕೆ ಮಾತ್ರ ಪೂರ್ತಿ ಉತ್ತರ ಸಿಕ್ಕಿಲ್ಲ. ಓದುಗರಿಗೆ ಒಂದು ಊರು, ಒಂದು ಮುಖ, ಒಂದು ಕತೆ ಬೇಕು. ಕೋಷ್ಟಕ ಯಾರೂ ಓದುವುದಿಲ್ಲ. ಡೆಸ್ಕ್‌ನವರು ಕಂಡುಕೊಂಡ ದಾರಿ ಏನೆಂದರೆ, ಊರಿನ ಕತೆ ಬರೆಯಿರಿ, ಆದರೆ ಆ ಊರು ಯಾವ ಬಗೆಯ ಊರುಗಳ ಪರವಾಗಿ ಮಾತಾಡುತ್ತಿದೆ ಅಂತ ಮೊದಲ ಪ್ಯಾರಾದಲ್ಲೇ ಹೇಳಿ. "ದೇಶದ ಮನಸ್ಸು" ಅಂತ ಬರೆಯುವ ಹಾಗಿಲ್ಲ.

2024ರಲ್ಲಿ ಕ್ಲಾಲಮ್ ಕೌಂಟಿ ಸೋತ ಡೆಮಾಕ್ರಟ್ ಅಭ್ಯರ್ಥಿ ಹ್ಯಾರಿಸ್ ಕಡೆ ನಿಂತಿತು. ಅಲ್ಲಿಗೆ 1980ರಿಂದ ಒಮ್ಮೆಯೂ ತಪ್ಪದ ಕೌಂಟಿ ದೇಶದಲ್ಲಿ ಒಂದೂ ಉಳಿಯಲಿಲ್ಲ. ಮಾರನೇ ವಾರವೇ ಡೆಸ್ಕ್‌ನಲ್ಲಿ ಹೊಸ ಪಟ್ಟಿಯ ಮಾತು ಶುರುವಾಯಿತು. ಪೆನ್ಸಿಲ್ವೇನಿಯಾದ ಎರಿ ಮತ್ತು ನಾರ್ತಾಂಪ್ಟನ್, ಮಿಷಿಗನ್ನಿನ ಸ್ಯಾಗಿನಾ, ಇವು 2008ರಿಂದ ಐದೂ ಸಲ ಸರಿ. 2028ಕ್ಕೆ ಎರಿಗೆ ಒಬ್ಬರನ್ನು ಕಳಿಸೋಣ ಅಂದರು ಸಂಪಾದಕಿ. ವಿಶ್ಲೇಷಕರು ಒಪ್ಪಿದರು. ಜೊತೆಗೆ ಹ್ಯಾಮಿಲ್ಟನ್ನೂ ಸ್ಟಾರೂ ಇರಬೇಕು ಅಂತ ಷರತ್ತು ಹಾಕಿದರು. ಕಡತದ ಅಂಚಿನಲ್ಲಿ ಒಂದು ಲೆಕ್ಕವನ್ನೂ ಬರೆದಿಟ್ಟರು: 3,100 ಕೌಂಟಿಗಳು ನಾಣ್ಯ ಚಿಮ್ಮಿದರೆ ಐದೂ ಸಲ ಸರಿ ಬರುವವು ಸುಮಾರು 97.